ಆಸ್ಥಾನದವರಿಗೆ ಮೊದಲು ಕೆಲಸ ಕೊಡಿ, ಜಮೀನು ಆಮೇಲೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಕೊಡಗಿನ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆಟದ ಬಗ್ಗೆ. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ 2020ರ ಸೆಪ್ಟೆಂಬರಿನಲ್ಲಿ ಹೊರತಂದ ಕ್ರುಸೇಡರ್ ಕಿಂಗ್ಸ್ 3 ಆ ಆಟ. 867ರಿಂದಲೋ 1066ರಿಂದಲೋ ಶುರುಮಾಡಿ 1453ರವರೆಗೆ ಒಂದು ರಾಜವಂಶವನ್ನು ತಲೆಮಾರಿನಿಂದ ತಲೆಮಾರಿಗೆ ನಡೆಸಿಕೊಂಡು ಹೋಗುವುದು ಇಲ್ಲಿನ ಕೆಲಸ. ಕೇಳಿದ್ದೆಲ್ಲ ಸುತ್ತಿ ಬಂದು ನಿಲ್ಲುವುದು ಆಸ್ಥಾನದವರ ಹತ್ತಿರವೇ. ಹಾಗಾಗಿ ಈ ಪುಟಗಳನ್ನು ಅವರಿಗೇ ಬಿಟ್ಟಿದ್ದೇವೆ. ಅಪ್‌ಡೇಟ್ ಬಂದಾಗ ಆಟದ ಅಂಕಿಗಳು ಅಷ್ಟಿಷ್ಟು ಬದಲಾಗುತ್ತವೆ. ಯಾವುದೇ ಸಂಖ್ಯೆಯ ಮೇಲೆ ಮೌಸ್ ಇಟ್ಟರೆ ಅದರ ಲೆಕ್ಕ ಬಿಚ್ಚಿಕೊಳ್ಳುತ್ತದೆ, ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಗೋಣಿಕೊಪ್ಪದ ಓದುಗರು: ಆಸ್ಥಾನದಲ್ಲಿ ಮೂವತ್ತು ಜನ ಇದ್ದಾರೆ. ಯಾರ ಅಂಕಿ ಜಾಸ್ತಿಯೋ ಅವರನ್ನೇ ಮಂತ್ರಿ ಮಾಡಿದ್ದೇನೆ. ಆದರೂ ಸಾಮಂತರು ಸಿಟ್ಟಾಗಿ ಬಣ ಕಟ್ಟುತ್ತಿದ್ದಾರೆ. ಎಲ್ಲಿ ತಪ್ಪಿದ್ದೇನೆ?

ಅಂಕಿ, ಅಂದರೆ ಒಂದೊಂದು ವಿದ್ಯೆಯಲ್ಲಿ ಆ ಮನುಷ್ಯನ ಸಾಮರ್ಥ್ಯ ಹೇಳುವ ಸಂಖ್ಯೆ, ನೋಡಿದ್ದು ಸರಿ. ಅದಕ್ಕೂ ಮೊದಲು ಆ ಮನುಷ್ಯನಿಗೆ ಜಮೀನು ಇದೆಯೋ ಇಲ್ಲವೋ ಎಂದು ನೋಡಬೇಕಿತ್ತು. ಈ ಆಟದಲ್ಲಿ ನಿಮ್ಮ ಸುತ್ತ ಇರುವವರು ಎರಡು ಜಾತಿ. ಸ್ವಂತ ಸೀಮೆ ಇರುವ ಸಾಮಂತ ಒಬ್ಬ, ನಿಮ್ಮ ಅರಮನೆಯಲ್ಲೇ ಉಂಡು ಮಲಗುವ ಆಸ್ಥಾನಿಕ ಇನ್ನೊಬ್ಬ. ಸಾಮಂತನಿಗೆ ಸೈನ್ಯವಿದೆ, ಆದಾಯವಿದೆ, ನಿಮ್ಮ ವಿರುದ್ಧದ ಬಣ ಸೇರುವ ದಾರಿಯಿದೆ. ಆಸ್ಥಾನಿಕನಿಗೆ ಇವು ಯಾವುದೂ ಇಲ್ಲ. ಸಿಟ್ಟು ಬಂದರೆ ಅವನು ಆಸ್ಥಾನ ಬಿಟ್ಟು ಹೋಗಬಹುದು, ಒಳಸಂಚಿನಲ್ಲಿ ಕೈಜೋಡಿಸಬಹುದು, ಆದರೆ ದಂಡು ತರಲಾರ. ಅವನು ನಿಮಗೆ ಬೆಲೆಬಾಳುವುದು ಇದೇ ಕಾರಣಕ್ಕೆ.

ಮಂತ್ರಿಮಂಡಲದಲ್ಲಿ ಐದು ಕುರ್ಚಿ. ಒಂದೊಂದಕ್ಕೂ ನೋಡಬೇಕಾದ ಅಂಕಿ ಬೇರೆ: ಚಾನ್ಸಲರ್‌ಗೆ ಡಿಪ್ಲೊಮಸಿ (ರಾಜತಂತ್ರ), ಸ್ಟ್ಯೂವರ್ಡ್‌ಗೆ ಸ್ಟ್ಯೂವರ್ಡ್‌ಶಿಪ್ (ಹಣಕಾಸು), ಮಾರ್ಷಲ್‌ಗೆ ಮಾರ್ಷಿಯಲ್ (ಯುದ್ಧವಿದ್ಯೆ), ಸ್ಪೈಮಾಸ್ಟರ್‌ಗೆ ಇಂಟ್ರೀಗ್ (ಒಳಸಂಚು), ರಾಜಪುರೋಹಿತನಿಗೆ ಲರ್ನಿಂಗ್ (ಪಾಂಡಿತ್ಯ). ಆರನೆಯದಾಗಿ ರಾಣಿಯೂ ಕೂರುತ್ತಾಳೆ. ದೊಡ್ಡ ಸಾಮಂತರ ಹೆಸರಿನ ಪಕ್ಕ ಪವರ್‌ಫುಲ್ ವ್ಯಾಸಲ್ ಎಂಬ ಗುರುತು ಇರುತ್ತದೆ. ಈ ಗುರುತು ಇರುವವನು ಮಂಡಲದಲ್ಲಿ ಜಾಗ ಸಿಗುವುದು ತನ್ನ ಹಕ್ಕೆಂದೇ ತಿಳಿದಿರುತ್ತಾನೆ. ಸಿಗದಿದ್ದರೆ ನಿಮ್ಮ ಬಗ್ಗೆ ಅವನ ಅಭಿಪ್ರಾಯ ಒಂದೇ ಏಟಿಗೆ ಕುಸಿಯುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ. ಐದು ಕುರ್ಚಿಗೂ ಜಾಣ ಆಸ್ಥಾನಿಕರನ್ನೇ ಕೂರಿಸಿ ಬಲಾಢ್ಯರನ್ನು ಹೊರಗೆ ನಿಲ್ಲಿಸಿದ್ದೀರಿ.

ಕ್ರಮ ಹೀಗಿರಲಿ. ಮೊದಲು ಗುರುತಿರುವ ಸಾಮಂತರನ್ನು ಎಣಿಸಿ. ಅವರಲ್ಲಿ ಯಾರ ಸೈನ್ಯ ದೊಡ್ಡದು, ಯಾರು ಈಗಾಗಲೇ ಬಣದಲ್ಲಿದ್ದಾರೆ ನೋಡಿ. ಆ ಒಬ್ಬಿಬ್ಬರಿಗೆ ಮಾತ್ರ ಕುರ್ಚಿ ಕೊಡಿ, ಅದೂ ಈ ಹತ್ತು ವರ್ಷದಲ್ಲಿ ನಿಮಗೆ ಅಷ್ಟಾಗಿ ಬೇಡದ ಕುರ್ಚಿ. ಯುದ್ಧದ ಯೋಚನೆ ಇಲ್ಲದಿದ್ದರೆ ಮಾರ್ಷಲ್ ಕುರ್ಚಿಯಲ್ಲಿ ಸಾಧಾರಣ ಮನುಷ್ಯ ಕೂತರೂ ನಡೆಯುತ್ತದೆ. ಹೊಸದಾಗಿ ಗೆದ್ದ ಸೀಮೆ ಇದ್ದರೆ ಮಾತ್ರ ಹಾಗೆ ಮಾಡಬೇಡಿ. ಗೆದ್ದ ಸೀಮೆಯ ಕಂಟ್ರೋಲ್, ಅಂದರೆ ಅದರ ಮೇಲೆ ನಿಮಗಿರುವ ಹಿಡಿತ, ನೂರರಿಂದ ತುಂಬಾ ಕೆಳಗೆ ಬಿದ್ದಿರುತ್ತದೆ. ಅದು ಏರುವ ತನಕ ಅಲ್ಲಿಂದ ತೆರಿಗೆಯೂ ಸರಿಯಾಗಿ ಬರುವುದಿಲ್ಲ, ಸೈನ್ಯಕ್ಕೆ ಆಳೂ ಸರಿಯಾಗಿ ಬರುವುದಿಲ್ಲ. ಏರಿಸುವ ಕೆಲಸ ಮಾರ್ಷಲ್‌ನದು.

ಸ್ಟ್ಯೂವರ್ಡ್ ಮತ್ತು ಸ್ಪೈಮಾಸ್ಟರ್ ಕುರ್ಚಿಗಳನ್ನು ಆದಷ್ಟು ಜಮೀನಿಲ್ಲದವರಿಗೇ ಉಳಿಸಿಕೊಳ್ಳಿ. ಸ್ಟ್ಯೂವರ್ಡ್ ಕೂತರೆ ತಿಂಗಳು ತಿಂಗಳು ಬೊಕ್ಕಸಕ್ಕೆ ವ್ಯತ್ಯಾಸ ಕಾಣುತ್ತದೆ. ಕಲೆಕ್ಟ್ ಟ್ಯಾಕ್ಸಸ್ ಕೆಲಸಕ್ಕೆ ಹಾಕಿದರೆ ನಿಮ್ಮ ಸ್ವಂತ ಸೀಮೆಯ ತೆರಿಗೆ ಅವನ ಅಂಕಿಗೆ ತಕ್ಕಂತೆ ಏರುತ್ತದೆ. ಕೈಯಲ್ಲಿ ಹಣವಿದ್ದು ಶಾಂತಿಯ ಕಾಲವಾದರೆ ಅವನನ್ನು ರಾಜಧಾನಿಯ ಡೆವಲಪ್‌ಮೆಂಟ್ ಹೆಚ್ಚಿಸಲು ಹಾಕಿ. ಅಲ್ಲಿ ಬೆಳೆದದ್ದು ನಿಧಾನಕ್ಕೆ ಅಕ್ಕಪಕ್ಕದ ಸೀಮೆಗೂ ಹರಡುತ್ತದೆ. ಇದು ಮೊಮ್ಮಗನ ಕಾಲಕ್ಕೆ ಫಲ ಕೊಡುವ ಕೆಲಸ. ಹಾಗಾಗಿ ಆಟದ ಮೊದಲ ಐವತ್ತು ವರ್ಷದಲ್ಲೇ ಶುರುಮಾಡಬೇಕು.

ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಕೂರಿಸಿದರೆ ಇಳಿದವನ ಮುನಿಸು ಉಳಿಯುತ್ತದೆ. ಇಳಿಯುವವನು ಜಮೀನಿಲ್ಲದ ಆಸ್ಥಾನಿಕನಾದರೆ ಆ ಮುನಿಸಿನಿಂದ ದೊಡ್ಡ ನಷ್ಟವಿಲ್ಲ. ಕ್ಯಾಥೊಲಿಕ್ ರಾಜನಾಗಿ ಆಡುವವರು ಗಮನಿಸಿ: ಬಿಷಪ್ಪನ್ನು ಬೇಕೆಂದಾಗ ಇಳಿಸಲು ಬರುವುದಿಲ್ಲ. ಅವನ ಕೈಯಲ್ಲಿರುವ ಗುಡಿ ಜಮೀನಿನ ತೆರಿಗೆ ಮತ್ತು ಆಳು ನಿಮಗೆ ಎಷ್ಟು ಬರಬೇಕೆಂಬುದು ನಿಮ್ಮ ಬಗ್ಗೆ ಅವನಿಗಿರುವ ಅಭಿಪ್ರಾಯದ ಮೇಲೆ ನಿಂತಿದೆ. ಹೊಸ ಬಿಷಪ್ ಬಂದ ಕೂಡಲೇ ಒಂದು ಉಡುಗೊರೆ ಕಳಿಸಿದರೆ ಆ ಹಣ ಬೇಗ ವಾಪಸು ಬರುತ್ತದೆ.

ಸೋಮವಾರಪೇಟೆಯ ಓದುಗರು: ಒಂದೇ ಸೀಮೆಯ ಸಣ್ಣ ಪಾಳೆಯಗಾರನಾಗಿ ಶುರುಮಾಡಿದ್ದೇನೆ. ಆಸ್ಥಾನದಲ್ಲಿ ಯಾರ ಅಂಕಿಯೂ ಎಂಟು ದಾಟುವುದಿಲ್ಲ. ಹಣವೂ ಇಲ್ಲ. ಒಳ್ಳೆಯವರನ್ನು ಎಲ್ಲಿಂದ ತರುವುದು?

ಹಣವಿಲ್ಲದೆ ಜನ ತರುವ ಅತ್ಯುತ್ತಮ ದಾರಿ ಮದುವೆ. ಇದೊಂದನ್ನು ಕೈವಶ ಮಾಡಿಕೊಂಡರೆ ಇಪ್ಪತ್ತು ವರ್ಷದಲ್ಲಿ ನಿಮ್ಮ ಆಸ್ಥಾನ ನೆರೆಯ ರಾಜನ ಆಸ್ಥಾನಕ್ಕಿಂತ ಗಟ್ಟಿಯಾಗುತ್ತದೆ.

ಆಟದಲ್ಲಿ ಮದುವೆಯಾದ ಹೆಣ್ಣು ಸಾಮಾನ್ಯವಾಗಿ ಗಂಡನ ಆಸ್ಥಾನಕ್ಕೆ ಹೋಗುತ್ತಾಳೆ. ಮ್ಯಾಟ್ರಿಲೀನಿಯಲ್ ಎಂಬ ಗುರುತು ಹಾಕಿ ಮಾಡಿದ ಮದುವೆಯಲ್ಲಿ ಗಂಡನೇ ಹೆಂಡತಿಯ ಆಸ್ಥಾನಕ್ಕೆ ಬರುತ್ತಾನೆ, ಅಂದರೆ ಮನೆ ಅಳಿಯನಾಗಿ. ನಿಮ್ಮ ಆಸ್ಥಾನದಲ್ಲಿ ಹದಿನಾರು ದಾಟಿದ, ಮದುವೆಯಾಗದ ಅಥವಾ ಗಂಡ ತೀರಿಕೊಂಡ ಹೆಣ್ಣುಮಗಳು ಇದ್ದೇ ಇರುತ್ತಾಳೆ. ಅವಳು ನಿಮ್ಮ ಮನೆತನದವಳೇ ಆಗಬೇಕಿಲ್ಲ. ಆಸ್ಥಾನಿಕರ ಮದುವೆ ಮಾಡಿಸುವ ಅಧಿಕಾರ ನಿಮ್ಮದು. ಅವಳ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ವರ ಹುಡುಕುವ ಪಟ್ಟಿ ತೆರೆಯಿರಿ. ಬೇಕಾದ ಅಂಕಿಯ ಪ್ರಕಾರ, ಸ್ಟ್ಯೂವರ್ಡ್ ಬೇಕಿದ್ದರೆ ಸ್ಟ್ಯೂವರ್ಡ್‌ಶಿಪ್ ಪ್ರಕಾರ, ಪಟ್ಟಿಯನ್ನು ಜೋಡಿಸಿ. ಮೇಲಿನಿಂದ ಒಬ್ಬೊಬ್ಬರನ್ನೇ ಆರಿಸಿ, ಮ್ಯಾಟ್ರಿಲೀನಿಯಲ್ ಗುರುತು ಹಾಕಿ, ಆಚೆಯವರ ಒಪ್ಪಿಗೆ ಹಸಿರಾಗಿದೆಯೇ ನೋಡಿ. ಹಸಿರಾದರೆ ಕಳಿಸಿ. ಮದುವೆಯ ಮರುಗಳಿಗೆ ಆತ ನಿಮ್ಮ ಪಟ್ಟಿಯಲ್ಲಿರುತ್ತಾನೆ.

ಎಡವುವುದು ಎರಡು ಕಡೆ. ಪಟ್ಟಿಯ ಮೇಲ್ತುದಿಯಲ್ಲಿರುವವರು ಹೆಚ್ಚಾಗಿ ರಾಜಕುಮಾರರು, ಪಟ್ಟಕ್ಕೆ ವಾರಸುದಾರರು. ಅವರ ಮನೆಯವರು ಮನೆ ಅಳಿಯತನಕ್ಕೆ ಒಪ್ಪುವುದೇ ಇಲ್ಲ. ಮನೆತನವೇ ಇಲ್ಲದ ಸಾಮಾನ್ಯರನ್ನು, ಆಟದಲ್ಲಿ ಲೋಬಾರ್ನ್ ಎಂದು ತೋರಿಸುವವರನ್ನು, ಹುಡುಕಿ. ಅವರ ಯಜಮಾನನಿಗೆ ಅವರ ಮದುವೆಯ ಬಗ್ಗೆ ಹಟವಿರುವುದಿಲ್ಲ. ಎರಡನೆಯದು, ನಿಮ್ಮ ಸ್ವಂತ ಮಗಳನ್ನೋ ತಂಗಿಯನ್ನೋ ಇಂತಹವನಿಗೆ ಕೊಟ್ಟರೆ ನಿಮ್ಮ ಪ್ರೆಸ್ಟೀಜ್‌ಗೆ ಪೆಟ್ಟು. ಅವಳನ್ನು ಮಿತ್ರತ್ವ ತರುವ ದೊಡ್ಡ ಮನೆಗೆ ಇಟ್ಟುಕೊಳ್ಳಿ.

ಗಂಡಸರಿಗೂ ಹೀಗೆಯೇ. ನಿಮ್ಮ ಮಾರ್ಷಲ್ ಅವಿವಾಹಿತನಾದರೆ ಅವನಿಗೆ ಇಂಟ್ರೀಗ್ ಹದಿನೈದರ ಮೇಲಿರುವ ಹೆಣ್ಣು ತನ್ನಿ. ಸ್ಪೈಮಾಸ್ಟರ್ ಕುರ್ಚಿಗೆ ಹೆಂಗಸರ ಹೆಸರೂ ಪಟ್ಟಿಯಲ್ಲಿ ಬರುತ್ತದೆ. ಒಂದು ಮದುವೆಯಿಂದ ಇಬ್ಬರು ಕೆಲಸದವರು ಆದಂತೆ.

ನಿಮ್ಮ ಸ್ವಂತ ಮದುವೆಯಲ್ಲೂ ಇದನ್ನೇ ನೆನಪಿಡಿ. ರಾಣಿಯ ಅಂಕಿಗಳ ಒಂದು ಭಾಗ ನಿಮ್ಮ ಅಂಕಿಗೆ ಸೇರುತ್ತದೆ. ಅವಳಿಗೆ ಎಲ್ಲದರಲ್ಲೂ ನೆರವಾಗು ಎಂದು ಬಿಟ್ಟರೆ ಐದರಲ್ಲೂ ಸ್ವಲ್ಪ ಸ್ವಲ್ಪ, ಒಂದೇ ವಿಷಯಕ್ಕೆ ಹಾಕಿದರೆ ಅದರಲ್ಲಿ ಹೆಚ್ಚು. ಒಂದೇ ಸೀಮೆ ಇರುವವನಿಗೆ ಜಾಣ ರಾಣಿ ದೊರೆತರೆ ಅರ್ಧ ಮಂತ್ರಿಮಂಡಲ ದೊರೆತ ಹಾಗೆ.

ಇನ್ನು ಆಸ್ಥಾನಕ್ಕೆ ಬಂದುಹೋಗುವ ಅತಿಥಿಗಳು. ಅವರ ಪಟ್ಟಿ ಆಸ್ಥಾನದ ಪರದೆಯಲ್ಲೇ ಬೇರೆಯಾಗಿ ಇರುತ್ತದೆ. ಬಹಳ ಜನ ಅದನ್ನು ತೆರೆದೇ ನೋಡುವುದಿಲ್ಲ. ಕೆಲವು ತಿಂಗಳಿಗೊಮ್ಮೆ ಕಣ್ಣಾಡಿಸಿ, ಒಳ್ಳೆಯವರು ಕಂಡರೆ ಹೊರಟುಹೋಗುವ ಮುಂಚೆ ಉಳಿಸಿಕೊಳ್ಳಿ.

ಮಡಿಕೇರಿಯ ಓದುಗರು: ನೈಟ್‌ಗಳ, ಅಂದರೆ ಸೈನ್ಯದ ಜೊತೆ ಕಾದುವ ಆಯ್ದ ವೀರರ ಸಂಖ್ಯೆ ಹತ್ತೋ ಹನ್ನೆರಡೋ ಇರುತ್ತದೆ. ಸಾವಿರಾರು ಆಳುಗಳ ಯುದ್ಧದಲ್ಲಿ ಹನ್ನೆರಡು ಜನ ಏನು ಮಾಡಿಯಾರು? ಅವರ ಬದಲು ಆಳು ಹೆಚ್ಚಿಸಿಕೊಂಡರೆ ಆಗದೇ?

ಲೆಕ್ಕ ಹಾಕಿ ನೋಡಿ. ಸಾಮಾನ್ಯ ಆಳು, ಅಂದರೆ ಲೆವಿ, ಒಬ್ಬನಿಗೆ ಡ್ಯಾಮೇಜ್ (ಏಟು ಕೊಡುವ ಬಲ) 10, ಟಫ್‌ನೆಸ್ (ಏಟು ತಡೆಯುವ ಬಲ) 10. ನೈಟ್‌ಗೆ ಪ್ರೊವೆಸ್‌ನ, ಅಂದರೆ ಸ್ವತಃ ಕಾದುವ ಬಲದ, ಒಂದೊಂದು ಅಂಕಕ್ಕೂ ಡ್ಯಾಮೇಜ್ 100, ಟಫ್‌ನೆಸ್ 10. ಪ್ರೊವೆಸ್ 15 ಇರುವ ಒಬ್ಬ ನೈಟ್ ಎಂದರೆ ಡ್ಯಾಮೇಜ್ 1,500. ಹೊಡೆಯುವುದರಲ್ಲಿ ಅವನು ನೂರೈವತ್ತು ಆಳಿಗೆ ಸಮ. ಎಂಟು ಜನ ನೈಟ್‌ಗಳ ಸರಾಸರಿ ಪ್ರೊವೆಸ್ 8 ಇದ್ದರೆ ಒಟ್ಟು 6,400. ಅದನ್ನು 15ಕ್ಕೆ ಏರಿಸಿದರೆ 12,000. ಆಳಿನ ಲೆಕ್ಕದಲ್ಲಿ 640 ಜನರ ಏಟು 1,200 ಜನರ ಏಟಾಯಿತು, ಒಂದು ಕಾಸೂ ಕಟ್ಟಡಕ್ಕೆ ಹಾಕದೆ. ನೈಟ್ ಎಫೆಕ್ಟಿವ್‌ನೆಸ್ ಶೇಕಡಾ 100 ಇದ್ದಾಗಿನ ಲೆಕ್ಕ ಇದು. ಅದು ಏರಿದರೆ ಈ ಸಂಖ್ಯೆಯೂ ಏರುತ್ತದೆ.

ಇನ್ನೊಂದು ಮುಖವೂ ಇದೆ. ಅದೇ ನೈಟ್‌ನ ಟಫ್‌ನೆಸ್ ಬರೀ 150, ಅಂದರೆ ಹದಿನೈದು ಆಳು ತಡೆಯುವಷ್ಟೇ ಏಟು ಅವನು ತಡೆಯಬಲ್ಲ. ಹಾಗಾಗಿ ಆಳು ಬೇಡವೆಂದಲ್ಲ. ಏಟು ತಡೆಯಲು ಆಳು, ಏಟು ಕೊಡಲು ನೈಟ್.

ಸೈನ್ಯದ ಪರದೆಯಲ್ಲಿ ನೈಟ್‌ಗಳ ಪಟ್ಟಿ ತೆರೆಯಿರಿ. ಪ್ರತಿಯೊಬ್ಬರಿಗೂ ಮೂರು ಆಯ್ಕೆ ಇದೆ: ಕಡ್ಡಾಯ, ಆಟಕ್ಕೆ ಬಿಟ್ಟದ್ದು, ನಿಷೇಧ. ನೈಟ್ ಯುದ್ಧದಲ್ಲಿ ಸಾಯಬಹುದು, ಗಾಯಗೊಳ್ಳಬಹುದು, ಸೆರೆಯಾಗಬಹುದು. ಆಟಕ್ಕೆ ಬಿಟ್ಟರೆ ಅದು ಪ್ರೊವೆಸ್ ನೋಡಿ ನಿಮ್ಮ ಹಿರಿಮಗನನ್ನೂ ಸಾಲಿಗೆ ಹಾಕುತ್ತದೆ. ಯುದ್ಧ ಸಾರುವ ಮುಂಚೆ ವಾರಸುದಾರನಿಗೆ ನಿಷೇಧ ಹಾಕಿ. ಆಸ್ಥಾನದ ವೈದ್ಯನಂತಹ, ಮತ್ತೆ ಸಿಗಲಾರದವರಿಗೂ ಹಾಕಿ. ವಯಸ್ಸಾದವರ ಮತ್ತು ಗಾಯಗೊಂಡವರ ಪ್ರೊವೆಸ್ ಇಳಿಯುತ್ತಾ ಹೋಗುತ್ತದೆ. ಕಡ್ಡಾಯ ಎಂದು ಹಾಕಿ ಮರೆತ ಹಳೆಯ ಹುಲಿ ಅರವತ್ತರಲ್ಲಿ ಒಬ್ಬ ಒಳ್ಳೆಯ ತರುಣನ ಜಾಗ ಹಿಡಿದಿರುತ್ತಾನೆ. ಆ ಪಟ್ಟಿಯನ್ನು ಪ್ರತಿ ಯುದ್ಧಕ್ಕೂ ಮುಂಚೆ ಪರಿಶೀಲಿಸಬೇಕು.

ಸೇನಾಪತಿ ಬೇರೆ, ನೈಟ್ ಬೇರೆ. ಸೇನಾಪತಿಗೆ ನೋಡಬೇಕಾದ್ದು ಮಾರ್ಷಿಯಲ್. ಅದರ ಒಂದೊಂದು ಅಂಕವೂ ಯುದ್ಧದಲ್ಲಿ ಒಂದು ಅಡ್ವಾಂಟೇಜ್. ದೂರದ ದಂಡಯಾತ್ರೆಗೆ ಅನ್ನಾಹಾರದ ವ್ಯವಸ್ಥೆ ಬಲ್ಲ ಲಾಜಿಸ್ಟೀಶಿಯನ್, ಓಡುವ ಶತ್ರುವನ್ನು ಹಿಡಿಯಲು ಆರ್ಗನೈಸರ್ ಗುಣ ಇರುವವನು ಬೇಕು. ಯುದ್ಧವಿಲ್ಲದ ದಿನಗಳಲ್ಲಿ ಮಾರ್ಷಲ್‌ನನ್ನು ಟ್ರೇನ್ ಕಮಾಂಡರ್ಸ್ ಕೆಲಸಕ್ಕೆ ಹಾಕಿದರೆ ನಿಮ್ಮವರಿಗೇ ಇಂತಹ ಗುಣಗಳು ಬರುವ ಸಾಧ್ಯತೆಯಿದೆ.

ವಿರಾಜಪೇಟೆಯ ಓದುಗರು: ನಾನು ಡ್ಯೂಕ್, ಅಂದರೆ ರಾಜನಿಗಿಂತ ಒಂದು ಮೆಟ್ಟಿಲು ಕೆಳಗಿನ ಒಡೆಯ. ಅತಿಥಿಯಾಗಿ ಬಂದವನಿಗೆ ಪಕ್ಕದ ಡಚಿಯ (ಡ್ಯೂಕ್ ಆಳುವ ನಾಡಿನ) ಮೇಲೆ ಹಕ್ಕಿತ್ತು. ಅವನ ಪರವಾಗಿ ಆರು ವರ್ಷ ಯುದ್ಧ ಮಾಡಿ ಗೆದ್ದೆ. ಗೆದ್ದ ದಿನವೇ ಅವನು ಸ್ವತಂತ್ರನಾದ. ನನಗೆ ಒಂದು ಹಳ್ಳಿಯೂ ಬರಲಿಲ್ಲ. ಇದೇನು ಅನ್ಯಾಯ?

ಡ್ಯೂಕ್ ಇನ್ನೊಬ್ಬ ಡ್ಯೂಕ್‌ನ ಸಾಮಂತನಾಗಲಾರ. ಸಮಾನ ಪದವಿಯವರ ನಡುವೆ ಒಡೆಯ, ಅಡಿಯಾಳು ಎಂಬುದು ಆಟದಲ್ಲಿ ಇಲ್ಲ. ನೀವು ಕೊಡಿಸಿದ್ದು ನಿಮ್ಮದೇ ಎತ್ತರದ ಪದವಿ. ಹಾಗಾಗಿ ಆತ ಹೊರಗೆ ಹೋಗದೆ ಬೇರೆ ದಾರಿಯೇ ಇರಲಿಲ್ಲ. ಯುದ್ಧ ಸಾರುವ ಪರದೆಯಲ್ಲೇ, ಗೆದ್ದರೆ ಯಾರಿಗೆ ಏನು ಸಿಗುತ್ತದೆ, ಹಕ್ಕುದಾರ ನಿಮ್ಮ ಸಾಮಂತನಾಗುತ್ತಾನೋ ಇಲ್ಲವೋ ಎಂಬ ಸಾಲು ಬರೆದಿರುತ್ತದೆ. ಆ ಸಾಲು ಓದದೆ ಯುದ್ಧದ ಗುಂಡಿ ಒತ್ತಬೇಡಿ.

ಮುಂದಿನ ಸಲಕ್ಕೆ: ನೀವು ಡ್ಯೂಕ್ ಆಗಿರುವಷ್ಟು ದಿನ ಸಣ್ಣ ಸೀಮೆಯ, ಅಂದರೆ ಕೌಂಟಿಯ ಹಕ್ಕಿರುವವರನ್ನು ಹುಡುಕಿ. ರಾಜನಾದ ಮೇಲೆ ಡಚಿಯ ಹಕ್ಕುದಾರರನ್ನು ಕರೆಸಿಕೊಳ್ಳಿ. ಪದವಿ ಕಡಿಮೆಯಿದ್ದರಷ್ಟೇ ಸಾಲದು. ನಿಮಗೆ ಯಾವ ಸಂಬಂಧವೂ ಇಲ್ಲದ, ಜಮೀನೂ ಇಲ್ಲದ ಹಕ್ಕುದಾರ ಗೆದ್ದ ಮೇಲೆ ಕೈಬಿಟ್ಟು ಹೋಗುವ ಸಂಭವ ಹೆಚ್ಚು. ಆದ್ದರಿಂದ ಯುದ್ಧಕ್ಕೂ ಮೊದಲು ಅವನಿಗೆ ನಿಮ್ಮದೇ ಒಂದು ಬಡ ಕೌಂಟಿ ಕೊಡಿ. ಕೊಟ್ಟ ಕ್ಷಣದಿಂದ ಅವನು ನಿಮ್ಮ ಸಾಮಂತ. ಸಾಮಂತನ ಪರವಾಗಿ ಗೆದ್ದ ಡಚಿ ಅವನ ಜೊತೆ ನಿಮ್ಮ ರಾಜ್ಯದೊಳಗೇ ಬರುತ್ತದೆ. ಆಸ್ಥಾನಿಕನಿಗೆ ಯುದ್ಧಕ್ಕೆ ಮುಂಚೆಯೇ ಜಮೀನು ಕೊಡುವುದು ಲಾಭವಾಗುವ ಸಂದರ್ಭ ಇದು.

ಇದಕ್ಕಿಂತ ಒಳ್ಳೆಯ ದಾರಿ ರಕ್ತಸಂಬಂಧ. ಹಕ್ಕಿರುವ ಹೆಣ್ಣುಮಗಳು ಸಿಕ್ಕರೆ ಎರಡನೇ ಮಗನಿಗೆ ಸಾಮಾನ್ಯ ಮದುವೆಯಲ್ಲೇ ತಂದುಕೊಳ್ಳಿ. ಅವಳಿಗೆ ಆ ನೆಲ ಗೆದ್ದುಕೊಟ್ಟರೆ ಅವಳ ಮಕ್ಕಳು ನಿಮ್ಮ ಮನೆತನದವರು. ಹೆಣ್ಣಿನ ಹಕ್ಕನ್ನು ಎಲ್ಲಾ ಸಂದರ್ಭದಲ್ಲೂ ಮುಂದಿಡಲು ಆಟ ಬಿಡುವುದಿಲ್ಲ. ಗಾದಿಯ ಮೇಲೆ ಮಗುವೋ ಹೆಣ್ಣೋ ಕೂತಾಗ ದಾರಿ ತೆರೆಯುತ್ತದೆ, ಅಲ್ಲಿಯವರೆಗೆ ಕಾಯಬೇಕು.

ಗೆದ್ದುಕೊಟ್ಟ ಉಪಕಾರಕ್ಕೆ ಹಕ್ಕುದಾರ ಬದುಕಿರುವಷ್ಟು ದಿನ ನಿಮ್ಮನ್ನು ಹಚ್ಚಿಕೊಂಡಿರುತ್ತಾನೆ. ಅವನ ಮಗನಿಗೆ ಆ ಋಣವಿಲ್ಲ, ಡಚಿ ಮಾತ್ರ ಇದೆ. ಆ ಮಗ ಚಿಕ್ಕವನಿರುವಾಗಲೇ ನಿಮ್ಮ ಮನೆಯ ಹೆಣ್ಣು ಕೊಟ್ಟು ನಂಟು ಬೆಳೆಸಿಡಿ.

ಕುಶಾಲನಗರದ ಓದುಗರು: ಮಗನಿಗೆ ಗುರುವಾಗಿ ಆಸ್ಥಾನದಲ್ಲಿ ಅತಿ ಹೆಚ್ಚು ಲರ್ನಿಂಗ್ ಇರುವವರನ್ನೇ ಇಟ್ಟೆ. ಮಗ ದೊಡ್ಡವನಾದಾಗ ಯುದ್ಧವಿದ್ಯೆಯಲ್ಲಿ ತೀರಾ ಕೆಳಗಿನ ದರ್ಜೆ ಬಂತು. ಯಾಕೆ?

ಗುರುವಿಗೂ ಪಾಠಕ್ಕೂ ಹೊಂದಿಕೆ ಇರಲಿಲ್ಲ, ಬಹುಶಃ ಪಾಠಕ್ಕೂ ಮಗುವಿಗೂ ಇರಲಿಲ್ಲ. ಮಗುವಿಗೆ ಮೂರು ವರ್ಷವಾದಾಗ ಒಂದು ಬಾಲ್ಯಗುಣ ಬರುತ್ತದೆ. ಅದು ಯಾವ ವಿದ್ಯೆ ಒಗ್ಗುತ್ತದೆಂದು ಹೇಳುತ್ತದೆ. ರೌಡಿ ಮಗುವಿಗೆ ಮಾರ್ಷಿಯಲ್ ಅಥವಾ ಇಂಟ್ರೀಗ್, ಬಾಸಿ ಮಗುವಿಗೆ ಮಾರ್ಷಿಯಲ್ ಅಥವಾ ಸ್ಟ್ಯೂವರ್ಡ್‌ಶಿಪ್, ಚಾರ್ಮಿಂಗ್ ಆದರೆ ಡಿಪ್ಲೊಮಸಿ ಅಥವಾ ಇಂಟ್ರೀಗ್, ಕ್ಯೂರಿಯಸ್ ಆದರೆ ಡಿಪ್ಲೊಮಸಿ ಅಥವಾ ಲರ್ನಿಂಗ್, ಪೆನ್ಸಿವ್ ಆದರೆ ಸ್ಟ್ಯೂವರ್ಡ್‌ಶಿಪ್ ಅಥವಾ ಲರ್ನಿಂಗ್. ಆರನೇ ವರ್ಷಕ್ಕೆ ವಿದ್ಯೆ ಆರಿಸುವಾಗ ಈ ಜೋಡಿಯೊಳಗೇ ಆರಿಸಿ. ಪೆನ್ಸಿವ್ ಮಗುವಿನ ಕೈಗೆ ಕತ್ತಿ ಕೊಟ್ಟರೆ ಫಲ ಕಡಿಮೆ.

ಆಮೇಲೆ ಗುರು. ಕಲಿಸುವ ವಿದ್ಯೆಯಲ್ಲೇ ಗುರುವಿನ ಅಂಕಿ ಹೆಚ್ಚಿರಬೇಕು, ಲರ್ನಿಂಗ್ ಅದಕ್ಕೆ ಪೂರಕ. ನಿಮ್ಮ ಮಗನಿಗೆ ಬೇಕಿದ್ದದ್ದು ಹಳೆಯ ಮಾರ್ಷಲ್. ಗುರುವಿನ ಸ್ವಭಾವವೂ ಶಿಷ್ಯನಿಗೆ ಇಳಿಯಬಹುದು, ಸೋಮಾರಿಯ ಹತ್ತಿರ ಬೆಳೆದವನು ಸೋಮಾರಿಯಾಗುವ ಸಂಭವ ಇದ್ದೇ ಇದೆ. ಪಟ್ಟಕ್ಕೆ ಬರುವ ಮಗನಾದರೆ ಬೇರೆ ಧರ್ಮದ, ಬೇರೆ ಸಂಸ್ಕೃತಿಯ ಗುರು ಬೇಡ. ಮಗು ಆ ಕಡೆಗೆ ವಾಲಿದರೆ ಪಟ್ಟಕ್ಕೆ ಬಂದ ದಿನವೇ ಸಾಮಂತರೆಲ್ಲ ಮುಖ ತಿರುಗಿಸುತ್ತಾರೆ. ಸಾಧ್ಯವಾದರೆ ಹಿರಿಮಗನಿಗೆ ನೀವೇ ಗುರುವಾಗಿ. ಆಗ ಸ್ವಭಾವ ರೂಪಿಸುವ ಘಟನೆಗಳಲ್ಲಿ ಆಯ್ಕೆ ನಿಮ್ಮ ಕೈಗೆ ಬರುತ್ತದೆ.

ಇದನ್ನು ನಿಮ್ಮ ಸ್ವಂತ ಮಕ್ಕಳಿಗೆ ಮಾತ್ರ ಮಾಡಿ ಬಿಡಬೇಡಿ. ಆಸ್ಥಾನಿಕರ ಮಕ್ಕಳಿಗೂ ಒಳ್ಳೆಯ ಗುರು ಹಚ್ಚಿ. ಇಪ್ಪತ್ತು ವರ್ಷದ ನಂತರದ ನಿಮ್ಮ ಸ್ಟ್ಯೂವರ್ಡ್ ಈಗ ಅಂಗಳದಲ್ಲಿ ಆಡುತ್ತಿರುವ ಆ ಹುಡುಗನೇ.

ನಾಪೋಕ್ಲುವಿನ ಓದುಗರು: ಸ್ಪೈಮಾಸ್ಟರ್‌ಗೆ ಇಂಟ್ರೀಗ್ 22. ಆದರೂ ನಮ್ಮ ರಾಜನ ಕೊಲೆಯಾಯಿತು. ಅಷ್ಟು ಚುರುಕಿನವನಿಗೂ ಗೊತ್ತಾಗಲಿಲ್ಲವೇ?

ಎರಡು ವಿಷಯ ನೋಡಿ. ಒಂದು, ಅವನನ್ನು ಯಾವ ಕೆಲಸಕ್ಕೆ ಹಾಕಿದ್ದಿರಿ? ಡಿಸ್ರಪ್ಟ್ ಸ್ಕೀಮ್ಸ್ ಎಂಬ ಕೆಲಸದಲ್ಲಿದ್ದರೆ ಮಾತ್ರ ಅವನು ನಿಮ್ಮ ಮೇಲಿನ ಸಂಚನ್ನು ತಡೆಯಲು ದುಡಿಯುತ್ತಾನೆ. ಬೇರೆ ಆಸ್ಥಾನದ ಗುಟ್ಟು ಹುಡುಕಲು ಕಳಿಸಿದ್ದರೆ ಮನೆ ಕಾಯುವವರಿಲ್ಲ. ಎರಡು, ನಿಮ್ಮ ಬಗ್ಗೆ ಅವನ ಅಭಿಪ್ರಾಯ ಏನಿತ್ತು? ಇಂಟ್ರೀಗ್ 22 ಇದ್ದು ಅಭಿಪ್ರಾಯ ಸೊನ್ನೆಗಿಂತ ಕೆಳಗಿದ್ದವನು ಸಂಚಿನಲ್ಲಿ ತಾನೇ ಪಾಲುದಾರನಾಗಬಹುದು. ಆಗ ಆ 22 ನಿಮ್ಮ ವಿರುದ್ಧವೇ ಕೆಲಸ ಮಾಡುತ್ತದೆ. ಕಾಫಿ ತೋಟಕ್ಕೆ ರೈಟರ್ ಇಡುವವರು ಲೆಕ್ಕ ಬರೆಯುವ ಚುರುಕಿಗಿಂತ ನಂಬಿಕೆ ಹೆಚ್ಚು ನೋಡುತ್ತಾರೆ. ಸ್ಪೈಮಾಸ್ಟರ್ ವಿಷಯದಲ್ಲೂ ಹಾಗೆಯೇ.

ನಮ್ಮ ಸಲಹೆ: ಆ ಕುರ್ಚಿಗೆ ಇಂಟ್ರೀಗ್ 12 ಇರುವ ತಾಯಿ, 22 ಇರುವ ಹೊರಗಿನವನಿಗಿಂತ ಮೇಲು. ತಾಯಿ ಇಲ್ಲದಿದ್ದರೆ ಸ್ವಭಾವದಲ್ಲಿ ಹಾನೆಸ್ಟ್, ಕಂಟೆಂಟ್, ಕಂಪ್ಯಾಶನೇಟ್ ಎಂದಿರುವವರನ್ನು ಹುಡುಕಿ. ಆಂಬಿಷಸ್, ಡಿಸೀಟ್‌ಫುಲ್, ಸ್ಯಾಡಿಸ್ಟಿಕ್ ಎಂದಿದ್ದರೆ ಎಷ್ಟೇ ಅಂಕಿ ಇರಲಿ ದೂರವಿಡಿ. ಇದ್ದವನನ್ನೇ ಉಳಿಸಿಕೊಳ್ಳಬೇಕಾದರೆ ಉಡುಗೊರೆ ಕೊಟ್ಟು, ಸ್ವೇ ಸ್ಕೀಮ್ ಹಾಕಿ ಅಭಿಪ್ರಾಯ ಏರಿಸಿ. ಉಡುಗೊರೆಯ ಪ್ರಭಾವ ಶಾಶ್ವತವಲ್ಲ, ಆಗಾಗ ನೋಡುತ್ತಿರಬೇಕು.

ಕೊಲೆಗಾರ ಒಬ್ಬನೇ ಬರುವುದಿಲ್ಲ ಎಂಬುದೂ ನೆನಪಿರಲಿ. ನಿಮ್ಮ ಆಸ್ಥಾನದೊಳಗಿನ ಅತೃಪ್ತರನ್ನೇ ಅವನು ಏಜೆಂಟರಾಗಿ ಮಾಡಿಕೊಳ್ಳುತ್ತಾನೆ. ಮೂವತ್ತು ಜನರಲ್ಲಿ ಕೆಲಸವಿಲ್ಲದ, ನಿಮ್ಮ ಮೇಲೆ ಮುನಿಸಿರುವ ಐದಾರು ಜನ ಇದ್ದರೆ ಅವನಿಗೆ ಬಾಗಿಲು ತೆರೆದಿಟ್ಟಂತೆ. ಅವರನ್ನು ಮದುವೆ ಮಾಡಿಯೇ ಆಚೆ ಕಳಿಸಿ. ಹೆಣ್ಣಾದರೆ ದೂರದ ಆಸ್ಥಾನದ ಗಂಡಿಗೆ ಸಾಮಾನ್ಯ ಮದುವೆ, ಗಂಡಾದರೆ ದೂರದ ಹೆಣ್ಣಿಗೆ ಮನೆ ಅಳಿಯ. ಜನರನ್ನು ತರಲು ಬಳಸಿದ ಉಪಾಯವೇ ಕಳಿಸಲೂ ಆಗುತ್ತದೆ.

ಅಂಗರಕ್ಷಕನನ್ನು ನೇಮಿಸಿದರೆ ಕೊಲೆಸಂಚು ಫಲಿಸುವ ಸಾಧ್ಯತೆ ಕುಗ್ಗುತ್ತದೆ. ಹೊಯ್ಸಳರ ಕಾಲದಲ್ಲಿ ರಾಜನೊಡನೆ ಪ್ರಾಣ ಬಿಡುವುದಾಗಿ ಪ್ರತಿಜ್ಞೆ ಮಾಡಿದ ಗರುಡರು ಇದ್ದರು. ಇಮ್ಮಡಿ ಬಲ್ಲಾಳನ ಗರುಡ ಕುವರ ಲಕ್ಷ್ಮನ ಕಂಬ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಈಗಲೂ ನಿಂತಿದೆ. ಆಟದ ಅಂಗರಕ್ಷಕನಿಂದ ಅಷ್ಟು ನಿರೀಕ್ಷಿಸಬೇಡಿ. ಅವನಿಗೂ ಅಭಿಪ್ರಾಯವೆಂಬುದಿದೆ, ನೇಮಿಸುವಾಗ ಪ್ರೊವೆಸ್ ಜೊತೆಗೆ ಅದನ್ನೂ ನೋಡಿ.

ಶನಿವಾರಸಂತೆಯ ಓದುಗರು: ನಮ್ಮ ಹಾಲೇರಿ ಅರಸರಾಗಿ ಈ ಆಟ ಆಡಬಹುದೇ? ದಿವಾನರು, ಕಾರ್ಯಕಾರರು ಎಲ್ಲ ಇದ್ದ ಆಸ್ಥಾನವಲ್ಲವೇ ಅದು.

ಆಗುವುದಿಲ್ಲ. ಆಟ 1453ಕ್ಕೆ ಮುಗಿಯುತ್ತದೆ, ಹಾಲೇರಿ ವಂಶದ ಆಳ್ವಿಕೆ ಅದಕ್ಕೂ ಬಹಳ ಈಚಿನದು. ಮುದ್ದುರಾಜ ಮಡಿಕೇರಿಗೆ ರಾಜಧಾನಿ ತಂದದ್ದು 1681ರಲ್ಲಿ. ಚಿಕ್ಕವೀರರಾಜೇಂದ್ರನನ್ನು ಬ್ರಿಟಿಷರು ಇಳಿಸಿದ್ದು 1834ರಲ್ಲಿ.

ಆದರೆ ಆಟದ ಕಾಲಕ್ಕೇ ಸೇರಿದ ಕೊಡಗಿನ ಕಥೆಯೊಂದು ನಿಮ್ಮ ಊರಿನ ಹತ್ತಿರವೇ ಇದೆ, ಅದು ಈ ಅಂಕಣದ ವಿಷಯಕ್ಕೂ ಹೊಂದುತ್ತದೆ. 11ನೇ ಶತಮಾನದ ಆರಂಭದಲ್ಲಿ ಚೋಳರ ಪರವಾಗಿ ಪಣಸೋಗೆಯ ಕಾಳಗದಲ್ಲಿ ಹೋರಾಡಿದ ಮನಿಜ ಎಂಬ ವೀರನಿಗೆ ಕ್ಷತ್ರಿಯಶಿಖಾಮಣಿ ಕೊಂಗಾಳ್ವ ಎಂಬ ಬಿರುದೂ ಮಾಲಂಬಿಯ ನೆಲವೂ ದೊರೆತವು. ಆಳಾಗಿದ್ದವನು ನೆಲ ಪಡೆದು ಅರಸನಾದ. ಅಲ್ಲಿಂದ ಕೊಂಗಾಳ್ವರು ಎಂಬ ಮನೆತನವೇ ಬೆಳೆಯಿತು. ಮುಂದೆ ಚೋಳರು ಈ ಸೀಮೆಯಿಂದ ಹಿಂದೆ ಸರಿದಾಗ ಹೊಯ್ಸಳರ ಬಲ ಬಂತು, ಮನೆತನ ಚೋಳರ ಜೊತೆ ಹೋಗಲಿಲ್ಲ. ಆಟದಲ್ಲಿ ನೀವು ಲೋಬಾರ್ನ್ ನೈಟ್ ಒಬ್ಬನಿಗೆ ಕೌಂಟಿ ಕೊಟ್ಟಾಗಲೂ ಹೀಗೆಯೇ ಆಗುತ್ತದೆ: ಅವನದೇ ಹೊಸ ಮನೆತನ ಹುಟ್ಟುತ್ತದೆ, ಅವನ ಕೃತಜ್ಞತೆ ಅವನ ಆಯುಷ್ಯದಷ್ಟೇ, ನೆಲ ಮಾತ್ರ ಮಕ್ಕಳು ಮೊಮ್ಮಕ್ಕಳಿಗೆ. ಕರ್ನಾಟಕದ ದೊಡ್ಡ ಆಸ್ಥಾನ ಬೇಕಿದ್ದರೆ 867ರ ಆರಂಭದಲ್ಲಿ ಮಾನ್ಯಖೇಟದ ಅಮೋಘವರ್ಷನಾಗಿ ಆಡಿ. ಸಾಮಂತರು ಬೇಕಾದಷ್ಟು ಇರುತ್ತಾರೆ, ಈ ಪುಟದಲ್ಲಿ ಹೇಳಿದ್ದನ್ನೆಲ್ಲ ಪರೀಕ್ಷಿಸಲು ಅವಕಾಶವಿದೆ.

ಪೊನ್ನಂಪೇಟೆಯ ಓದುಗರು: ವೈದ್ಯ, ಪಾಠ ಹೇಳುವವನು, ವಿದೂಷಕ, ಊಟ ರುಚಿ ನೋಡುವವನು ಎಂದು ಬಹಳ ಹುದ್ದೆಗಳಿವೆ. ಎಲ್ಲಾ ತುಂಬಿದರೆ ತಿಂಗಳ ಆದಾಯ ಖಾಲಿ. ಯಾವುದು ಮುಖ್ಯ?

ಮೊದಲು ವೈದ್ಯ. ರೋಗ ಬಂದಾಗ ಸುರಕ್ಷಿತ ಚಿಕಿತ್ಸೆ, ಅಪಾಯದ ಚಿಕಿತ್ಸೆ ಎಂದು ಆಯ್ಕೆ ಬರುತ್ತದೆ. ವೈದ್ಯ ಕಳಪೆಯಾದರೆ ಅಪಾಯದ ಚಿಕಿತ್ಸೆಯಲ್ಲಿ ಅಂಗ ಊನವಾಗುವುದೂ ಉಂಟು. ಅರ್ಹತೆ ಟೆರಿಬಲ್‌ನಿಂದ ಎಕ್ಸಲೆಂಟ್‌ವರೆಗೆ ಐದು ದರ್ಜೆಯಲ್ಲಿ ಕಾಣುತ್ತದೆ. ಗುಡ್ ಅಥವಾ ಅದಕ್ಕಿಂತ ಮೇಲಿನವರು ಸಿಗುವವರೆಗೆ ಸುರಕ್ಷಿತ ಚಿಕಿತ್ಸೆಯನ್ನೇ ಆರಿಸಿ. ಮನೆಯಲ್ಲಿ ಆರರಿಂದ ಹದಿನಾರರೊಳಗಿನ ಮಕ್ಕಳಿದ್ದರೆ ಪಾಠ ಹೇಳುವ ಕೋರ್ಟ್ ಟ್ಯೂಟರ್. ಶತ್ರುಗಳು ಹೆಚ್ಚಾದ ಕಾಲಕ್ಕೆ ಅಂಗರಕ್ಷಕ, ರುಚಿ ನೋಡುವವನು. ಉಳಿದವು ರಾಜನಾಗಿ ಬೊಕ್ಕಸ ತುಂಬಿದ ಮೇಲೆ. ಟೆರಿಬಲ್ ದರ್ಜೆಯವನಿಗೆ ಸಂಬಳ ಕೊಟ್ಟು ಕೂರಿಸುವುದಕ್ಕಿಂತ ಹುದ್ದೆ ಖಾಲಿ ಬಿಡುವುದು ಲೇಸು.

ಭಾಗಮಂಡಲದ ಓದುಗರು: ಮಳೆಗಾಲ ಶುರುವಾದರೆ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಐರನ್‌ಮ್ಯಾನ್ ಆಡುವಾಗ ಕಂಪ್ಯೂಟರ್ ಆರಿಹೋದರೆ ಕಷ್ಟಪಟ್ಟು ಕಟ್ಟಿದ ಆಸ್ಥಾನ ಹೋಗುತ್ತದೆಯೇ?

ಐರನ್‌ಮ್ಯಾನ್ ಎಂದರೆ ಹಳೆಯ ಸೇವ್‌ಗೆ ಹಿಂದಿರುಗಲು ಬಿಡದ ಆಟದ ವಿಧಾನ, ಅದರಲ್ಲಿ ಸೇವ್ ಫೈಲ್ ಒಂದೇ. ಬರೆಯುತ್ತಿರುವ ಹೊತ್ತಿಗೇ ಕರೆಂಟ್ ಹೋದರೆ ಅದು ಕೆಡಬಹುದು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಆಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಮಾನ್ಯ ವಿಧಾನದಲ್ಲಿ ಆಡಿ, ಸೆಟ್ಟಿಂಗ್ಸ್‌ನಲ್ಲಿ ಆಟೋಸೇವ್ ಅವಧಿಯನ್ನು ಕಡಿಮೆ ಮಾಡಿಟ್ಟುಕೊಳ್ಳಿ. ಪ್ರತಿ ಪಟ್ಟಾಭಿಷೇಕದ ಮರುದಿನ ಬೇರೆ ಹೆಸರಿನಲ್ಲಿ ಒಂದು ಸೇವ್ ತೆಗೆದಿಡಿ. ಐರನ್‌ಮ್ಯಾನ್ ಬಿಡಲಾರೆ ಎನ್ನುವವರು ಆಟ ಮುಚ್ಚಿದ ಮೇಲೆ ಡಾಕ್ಯುಮೆಂಟ್ಸ್ ಫೋಲ್ಡರ್‌ನೊಳಗಿನ ಸೇವ್ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಬಹುದು.